ಬಿಸಿಯಾದ ಗಣಕವೂ ಬೈಸಿಕೊಂಡ ಕನ್ನಡವೂ

ಮುರ್ಡೇಶ್ವರದಿಂದ ಕುಮಟೆಯವರೆಗಿನ ಕಡಲಕರೆಯಲ್ಲಿ ವಿದ್ಯಾವಂತರ ಮನೆಗಳಿಗೆ ಗಣಕಯಂತ್ರವು ಈಗ ಪಂಚಾಂಗದಷ್ಟೇ ಸಹಜವಾದ ವಸ್ತು. ಬರವಣಿಗೆಗೆಂದು ಅದರಲ್ಲಿ ಪಠ್ಯ ಸಂಪಾದಕವೆಂಬ ತಂತ್ರಾಂಶವನ್ನು ತೆರೆದು, ನಾಲ್ಕು ಸಾಲು ಬರೆದು, ಮುಂದಿನದನ್ನು ಯೋಚಿಸುತ್ತ ಕುಳಿತಿರುವಾಗಲೇ ಒಳಗಿನ ಬೀಸಣಿಗೆಯು ಭೋರೆನ್ನತೊಡಗುವುದುಂಟು. ಆಗ ಮನೆಯ ತರುಣ ಪಂಡಿತರು ಕೊಡುವ ತೀರ್ಪು ಒಂದೇ: “ಕನ್ನಡದ ಒತ್ತಕ್ಷರಗಳ ಭಾರವನ್ನು ಯಂತ್ರವು ತಾಳದು, ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ, ಇಲ್ಲವೆ ಹೊಸತನ್ನು ಕೊಳ್ಳಿರಿ.” ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ! ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ಗಂಟುಹಾಕುವ ನ್ಯಾಯವಿದು.

ಸಾಕ್ಷಿ ಬೇಕಾದವರು 2017ರ ಮಾರ್ಚಿ ತಿಂಗಳ ವೃತ್ತಾಂತವನ್ನು ನೋಡಬಹುದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಸಂಪಾದಕವು, ಸುಮ್ಮನೆ ತೆರೆದಿಟ್ಟಿದ್ದಾಗಲೂ, ಪ್ರೊಸೆಸರಿನ ಶಕ್ತಿಯಲ್ಲಿ ಶೇಕಡಾ 13ರಷ್ಟನ್ನು ನುಂಗುತ್ತಿದೆಯೆಂದು ದೂರು ಬಂದಿತು. ಹುಡುಕಲಾಗಿ ಸಿಕ್ಕಿದ ಅಪರಾಧಿಯು ಅಕ್ಷರವಲ್ಲ. ಅಕ್ಷರವು ಬೀಳಬೇಕಾದ ಜಾಗದಲ್ಲಿ ಮಿನುಗುತ್ತಿರುವ ಸಣ್ಣ ಗೀಟು! ಸೆಕೆಂಡಿಗೆ ಎರಡು ಸಲ ಬದಲಾದರೆ ಸಾಕಾಗಿದ್ದ ಆ ಗೀಟಿಗಾಗಿ, ಒಳಗಿದ್ದ ಕ್ರೋಮಿಯಂ ಎಂಬ ಅಂಗವು ಸೆಕೆಂಡಿಗೆ 60 ಸಲ ದುಡಿಯುತ್ತಿದ್ದಿತು. ಗೀಟು ಮಿನುಗದಂತೆ ಮಾಡಿದೊಡನೆ ದುಡಿಮೆಯು ಇಳಿಯಿತು. ಬಳಿಕ ನಿರ್ಮಾಪಕರು ಮಿನುಗಿಸುವ ಕ್ರಮವನ್ನೇ ಬದಲಿಸಿದರು. ಇದರಲ್ಲಿ ಕನ್ನಡದ ಅಪರಾಧವೆಲ್ಲಿ ಬಂದಿತು?

ಒತ್ತಕ್ಷರ ಗುಣಿತಗಳನ್ನು ಜೋಡಿಸುವಲ್ಲಿ ರೋಮನ್ ಲಿಪಿಗಿಂತ ಕೊಂಚ ಹೆಚ್ಚಿನ ಕೆಲಸವುಂಟು, ನಿಜ. ಆದರೆ ಅದು ಬರೆಯುವಾಗ, ಪುಟ ಸರಿಸುವಾಗ ನಡೆಯತಕ್ಕ ಕೆಲಸ. ಕೈ ನಿಂತು ಹತ್ತು ನಿಮಿಷವಾದರೂ ಬೀಸಣಿಗೆ ನಿಲ್ಲದಿದ್ದರೆ ಕಾರಣವನ್ನು ಬೇರೆಡೆಯಲ್ಲಿ ಅರಸತಕ್ಕದ್ದು. (ಕಡಲತೀರದ ಸೆಕೆಯನ್ನು ದೂರುವವರೂ ಇದ್ದಾರೆ. ಸೆಕೆಗೆ ಬೀಸಣಿಗೆ ತಿರುಗೀತು. ಪ್ರೊಸೆಸರಿನ ಲೆಕ್ಕವು ಏರಲಾರದು.)

ಅರಸುವ ಬಗೆಯು ಈ ದೇಶದ ತರ್ಕಶಾಸ್ತ್ರಕ್ಕೆ ಹೊಸದಲ್ಲ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ; ಇಲ್ಲದಾಗ ಇಲ್ಲದಿರುವುದು ವ್ಯತಿರೇಕ. ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ಯಾರು ಎಷ್ಟು ತಿನ್ನುತ್ತಿದ್ದಾರೆಂದು ಮೊದಲು ನೋಡಲಿ. ಕೆಲವು ವೇಳೆ ಸಂಪಾದಕವು ನಿರ್ದೋಷಿಯಾಗಿ, ಹಿಂದೆ ಅಡಗಿ ಕಡತಗಳನ್ನು ತಡಕುತ್ತಿರುವ ವೈರಸ್ ಶೋಧಕವೇ ಸಿಕ್ಕಿಬೀಳುತ್ತದೆ. ಸಂಪಾದಕವೇ ತಿನ್ನುತ್ತಿದ್ದರೆ, ಅದೇ ಪುಟವನ್ನು ಇಂಗ್ಲಿಷ್ ಬರಹದಿಂದ ತುಂಬಿ ಪರೀಕ್ಷಿಸಲಿ. ಲೆಕ್ಕವು ಇಳಿಯದಿದ್ದರೆ ಕನ್ನಡದ ಮೇಲಿನ ಆರೋಪವು ಅಲ್ಲಿಗೇ ಬಿದ್ದುಹೋಯಿತು. ಆಮೇಲೆ, ಎಕ್ಸ್‌ಟೆನ್ಷನ್ ಎಂಬ ಹೆಸರಿನಿಂದ ಚಪಲಕ್ಕೆ ಸೇರಿಸಿಕೊಂಡ ಉಪಾಂಗಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಿ ನೋಡುವುದು. ದೋಷವುಳ್ಳ ಅರ್ಧವನ್ನು ಮತ್ತೆ ಎರಡು ಮಾಡುವುದು. ಉಪಾಂಗಗಳು 32 ಇದ್ದು ದೋಷಿಯು ಒಂದೇ ಆದರೆ ಐದು ಪರೀಕ್ಷೆಗಳಲ್ಲಿ ಅದು ಸಿಕ್ಕುವುದು.

ಇಷ್ಟು ಶ್ರಮಪಡಲೊಲ್ಲದವರು ಸಾವಿರಾರು ರೂಪಾಯಿ ತೆತ್ತು ಹೊಸ ಯಂತ್ರವನ್ನು ತರುತ್ತಾರೆ. ಹಳೆಯ ಉಪಾಂಗಗಳನ್ನೆಲ್ಲ ಒಂದೂ ಬಿಡದೆ ಅದಕ್ಕೂ ಹೊರಿಸುತ್ತಾರೆ. ಬೀಸಣಿಗೆಯು ಅಲ್ಲಿಯೂ ತಿರುಗಿತೆಂದರೆ, ಬೈಯುವುದಕ್ಕೆ ಕನ್ನಡವು ಹೇಗೂ ಇದ್ದೇ ಇದೆ.