ಮಕ್ಕಳೊಡನೆ ವಿಮಾನಯಾನ

ಮೇ ತಿಂಗಳ ರಜೆಯಲ್ಲಿ ರೈಲಿನ ಟಿಕೇಟು ಸಿಗದೆ, ಸಾಲ ಮಾಡಿಯಾದರೂ ಮುಂಬಯಿಯಿಂದ ಮಂಗಳೂರಿಗೆ ವಿಮಾನ ಹತ್ತುವ ಹೊಟೇಲು ಕಾರ್ಮಿಕರಿದ್ದಾರೆ. ಇದನ್ನು ದುಂದುಗಾರಿಕೆಯೆಂದು ಹಳಿಯುವುದು ಸಲ್ಲದು. 1998ರಲ್ಲಿ ಕೊಂಕಣ ರೈಲು ಬಂದರೂ ರಜಾಕಾಲದ ನೂಕುನುಗ್ಗಲು ತಪ್ಪಿಲ್ಲ.

ರೈಲಿನಲ್ಲಿ ಬೇರೆ ಬರ್ತು ಕೇಳದಿದ್ದರೆ 5 ವರ್ಷದೊಳಗಿನ ಮಗುವಿಗೆ ಟಿಕೇಟು ಬೇಡ. ವಿಮಾನದಲ್ಲಾದರೋ 2 ವರ್ಷ ತುಂಬಿದರೆ ಪ್ರತ್ಯೇಕ ಸೀಟಿಗೆ ಹಣ ತೆರಬೇಕು. ಅಷ್ಟು ತೆತ್ತೂ ತಾಯಿ ಒಂದು ಕಡೆ, ಮಗು ಒಂದು ಕಡೆ ಕೂರುವುದೆಂದರೇನು? 12 ವರ್ಷದವರೆಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಬಳಿಯಲ್ಲೇ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಎಲ್ಲರ ಟಿಕೇಟನ್ನು ಒಟ್ಟಿಗೇ ತೆಗೆಸಿ, ಅಳುಕದೆ ಕೇಳಿರಿ.

ನಿಜವಾದ ಪರಿಹಾರವೆಂದರೆ ರಜೆಗೆ ಹೆಚ್ಚು ರೈಲುಗಳು. ಅದಕ್ಕಾಗಿ ನಮ್ಮ ಸಂಘಗಳು ಒಂದಾಗಿ ದನಿಯೆತ್ತಲಿ.