ಕಾಕಾನ ಖಾತೆ ಲೆಕ್ಕಕ್ಕಿಲ್ಲ

‘ಹಳ್ಳಿಯವರು ವೀಸಾಕ್ಕಾಗಿ ಸುಳ್ಳು ದುಡ್ಡು ತೋರಿಸುತ್ತಾರೆ’ ಎಂದು ಬರೆದವರು ಒಮ್ಮೆ ಚಚಡಿಯಂಥ ಹಳ್ಳಿಗೆ ಬರಲಿ. ಇಲ್ಲಿ ಹೊಲದ ಉತಾರ (ಪಹಣಿ) ಅಜ್ಜನ ಹೆಸರಲ್ಲಿ, ಕಬ್ಬಿನ ಬಿಲ್ಲು ಕಾಕಾನ ಖಾತೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ತೋರಿಸಲು ರಿಟರ್ನ್ಸೂ ಇಲ್ಲ. ಬ್ರಿಟನ್ನಿಗೆ ಓದಲು ಹೋಗಬೇಕೆಂದರೆ ಹಣ ವಿದ್ಯಾರ್ಥಿಯ ಇಲ್ಲವೇ ತಂದೆ-ತಾಯಿಯ ಹೆಸರಲ್ಲಿ ಸತತ 28 ದಿನ ಇರಬೇಕು. ಒಂದೇ ಒಲೆಯ ರೊಟ್ಟಿ ತಿನ್ನುವ ಕಾಕಾ ಅಲ್ಲಿ ಹೊರಗಿನವ! ಅವನು ಅಣ್ಣನ ಖಾತೆಗೆ ಹಣ ಹಾಕಿದರೆ ಅದು ‘ದಿಢೀರ್ ಜಮೆ’. ಬಡ್ಡಿಗೆ ತಂದು ತೋರಿಸಿ ವಾಪಸು ಕೊಡುವವರೂ ಇದ್ದಾರೆ. ಅದು ಮೋಸವೇ, ಒಪ್ಪಿದೆ. ಆದರೆ ನೇರ ದಾರಿಯಲ್ಲಿ ಶಿಕ್ಷಣ ಸಾಲ ಪಡೆಯೋಣವೆಂದರೆ, ಅದು 7.5 ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ಪ್ಯಾಟ್ಯಾಗಿನ ಸೈಟು ನಡೆಯುತ್ತದೆ, ಹೊಲ ಬೇಡವೆನ್ನುತ್ತಾರೆ. ಎಂಟೆಕರೆ ಎರೆಭೂಮಿಯ ಒಡೆಯ ಉತಾರ ಮಡಚಿ ಅಂಗಿಯ ಕಿಸೆಗಿಟ್ಟು ಎದ್ದು ಬರುತ್ತಾನೆ.