ಔಷಧದಾನವೂ ಪ್ರಮಾದಚರ್ಯೆಯೂ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕನ ಭೂಷಣಗಳು. ಮಹಾವೀರ ಜಯಂತಿಯಂದು ಬಸದಿಯ ಆವರಣದಲ್ಲಿ ಉಚಿತ ಚಿಕಿತ್ಸಾ ಶಿಬಿರ ನಡೆಸುವ ಟ್ರಸ್ಟುಗಳು ಈ ಪರಂಪರೆಗೆ ಸೇರಿದವು. ಆದರೆ ಹಂಚಿದ್ದೆಲ್ಲವೂ ದಾನವಾಗುವುದೆ? ನೆಗಡಿಗೂ ಆ್ಯಂಟಿಬಯೋಟಿಕ್ ಕೊಡುವುದು, ಐದು ದಿನಕ್ಕೆ ಬರೆದ ಗುಳಿಗೆಯನ್ನು ಎರಡು ದಿನಕ್ಕಷ್ಟೇ ಕೊಟ್ಟು ಕಳುಹಿಸುವುದು ದಾನವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳೊಳಗೆ ಎಣಿಸಿದ ಪ್ರಮಾದಚರ್ಯೆಗೆ ಅದು ಸಮೀಪವಾದುದು.

ಕಾರಣ ಸ್ಪಷ್ಟವಾಗಿದೆ. ನೆಗಡಿ ವೈರಸ್ಸಿನಿಂದ ಬರುವಂಥದು; ಆ್ಯಂಟಿಬಯೋಟಿಕ್ ಅದನ್ನು ಮುಟ್ಟದು. ಅದು ದೇಹದಲ್ಲಿರುವ ದುರ್ಬಲ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಔಷಧವನ್ನು ತಡೆದುಕೊಳ್ಳಬಲ್ಲವು ಉಳಿದು, ವೃದ್ಧಿಸಿ, ಅನ್ಯರನ್ನೂ ಸೇರುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ, ಕಡಿಮೆ ಪ್ರಮಾಣದ ಸೇವನೆ ರೋಗಾಣುಗಳನ್ನು ಗಟ್ಟಿಗೊಳಿಸುವುದೆಂದು ಎಚ್ಚರಿಸಿದ್ದರು. 2019ರಲ್ಲಿ ಜಗತ್ತಿನ ಸುಮಾರು 12.7 ಲಕ್ಷ ಮರಣಗಳಿಗೆ ಔಷಧನಿರೋಧಕ ಬ್ಯಾಕ್ಟೀರಿಯಾಗಳು ನೇರ ಕಾರಣವೆಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿತು.

ಔಷಧ ವ್ಯಾಪಾರದಲ್ಲಿರುವ ಶ್ರಾವಕರ ಹೊಣೆ ಇನ್ನೂ ಹೆಚ್ಚಿನದು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣಗಳನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2013ರಲ್ಲಿ ಆರಂಭಿಸಿದ ಜಾಲವು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ನಿರೋಧವನ್ನು ಅಳೆಯುತ್ತದೆ. ಚೀಟಿಯಿಲ್ಲದೆ ಕೈಬದಲಾದ ಗುಳಿಗೆ ಅಲ್ಲಿ ಕಾಣದು. ಕಿರ್ದಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ನಿದ್ದೆಗೆಡುವ ವ್ಯಾಪಾರಿಗೆ ಈ ರಿಜಿಸ್ಟರು ಮಾತ್ರ ಹೊರೆಯೆನಿಸುವುದೇಕೆ?

ಚಿಕ್ಕನರಗುಂದದಂತಹ ಗ್ರಾಮದ ಕೂಲಿಕಾರನು ವೈದ್ಯರನ್ನು ಕಾಣಲು ದಿನದ ಕೂಲಿಯನ್ನೇ ಬಿಡಬೇಕಾದೀತು, ಎರಡು ಗುಳಿಗೆ ಕೊಡುವುದು ಉಪಕಾರವಲ್ಲವೆ ಎಂದು ಕೆಲವರು ವಾದಿಸುತ್ತಾರೆ. ಅವನ ಕಷ್ಟ ನಿಜ. ಪರಿಹಾರ ಮಾತ್ರ ಸುಳ್ಳು. ಅಗ್ಗದ ಔಷಧ ನಾಟದಂತಾದ ದಿನ ದುಬಾರಿ ಔಷಧಕ್ಕೆ ಹೊಲ ಮಾರಬೇಕಾದವನೂ ಅವನೇ. ನಿಜವಾದ ಕರುಣೆಯಿದ್ದರೆ ಟ್ರಸ್ಟು ಅವನ ಬಸ್ಸಿನ ಖರ್ಚನ್ನೂ ವೈದ್ಯರ ಶುಲ್ಕವನ್ನೂ ಚೀಟಿಯಲ್ಲಿ ಬರೆದ ಪೂರ್ಣ ಔಷಧದ ಬೆಲೆಯನ್ನೂ ಭರಿಸಲಿ. ನೂರು ಜನರಿಗೆ ಅರೆಬರೆ ಹಂಚುವುದಕ್ಕಿಂತ ಇಪ್ಪತ್ತು ಜನರಿಗೆ ಪೂರ್ಣವಾಗಿ ಕೊಡುವುದು ಮೇಲು. ಶಿಬಿರದಲ್ಲಿ ಯಾವ ಆ್ಯಂಟಿಬಯೋಟಿಕ್ ಎಷ್ಟು ಹೋಯಿತೆಂಬ ಲೆಕ್ಕವು ದಾನಿಗಳ ಹೆಸರಿನೊಡನೆ ವಾರ್ಷಿಕ ವರದಿಯಲ್ಲಿ ಅಚ್ಚಾಗಲಿ.

ಕಣ್ಣಿಗೆ ಕಾಣದ ಜೀವಗಳಿಗಾಗಿ ನೀರನ್ನು ಸೋಸಿ ಕುಡಿಯುವ ಸಮಾಜವಿದು. ಕಾಣದ ಹಾನಿಯನ್ನು ನಂಬೆವೆನ್ನುವ ಅಧಿಕಾರ ಈ ಸಮಾಜಕ್ಕಿಲ್ಲ.